ಹೋಗದೆ ಉಳಿದ ಮೆಸೇಜು

ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಾಗ ಹಳೇ ಕೀಪ್ಯಾಡ್ ಫೋನು ಮತ್ತೆ ಕೂಗಿತು. ಮೆಮೊರಿ ತುಂಬಿತ್ತು.

"ಶಿವಲೀಲಾ, ಬ್ಯಾಡಾದ ಮೆಸೇಜೆಲ್ಲಾ ತಗದ್ಹಾಕವಾ. ಸಾಲಿ ಮೆಸೇಜ್ ಒಂದೂ ಬರವಲ್ದು."

"ನೀನ ತಗಿ. ನಾ ಅದನ್ನ ಮುಟ್ಟಂಗಿಲ್ಲ."

"ಭಾಳ ಮಡಿವಂತಿ ನೋಡ್ರಿ ನನ್ನ ಮಗಳು," ಎಂದು ನಗುತ್ತ ಕಸ್ತೂರಿ ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡಳು. ಬಂದವನ್ನೆಲ್ಲ ಅಳಿಸಿದಳು. ಕಳಿಸಲಾಗದೆ ಉಳಿದವುಗಳಲ್ಲಿ ಒಂದೇ ಒಂದಿತ್ತು: "ಅಪ್ಪಾ ಬರಬ್ಯಾಡ. ಸೇತುವಿ ಮ್ಯಾಲೆ ನೀರ ಬಂದೈತಿ."

ಅದರ ಮೇಲಿದ್ದದ್ದು ಹೋದ ವರ್ಷ ಕೊಣ್ಣೂರಿನ ಹೊಳೆಯಲ್ಲಿ ಗಂಡ ಕೊಚ್ಚಿಹೋದ ದಿನದ ತಾರೀಖು. ಅವತ್ತು ಗಂಡನಿಗೆ ಫೋನು ಹತ್ತದಾಗ, ಅಪ್ಪಗೊಂದು ಮೆಸೇಜ್ ಹಾಕು ಎಂದು ಮಗಳಿಗೆ ಹೇಳಿ, ದನ ಬಿಚ್ಚಲು ಹೊಲಕ್ಕೆ ಓಡಿದವಳು ಅವಳೇ. ಹಟಮಾರಿ, ಮೆಸೇಜ್ ಓದಿಯೂ ನೀರಿಗಿಳಿದ ಎಂದು ವರ್ಷವಿಡೀ ಗಂಡನ ಫೋಟೊದ ಮುಂದೆ ಸಿಟ್ಟಾಗಿದ್ದಳು. ಪಾಪ, ಅವನು ಓದಿರಲೇ ಇಲ್ಲ. ಮಗಳ ಕಣ್ಣಿಗೆ ಬೀಳದಂತೆ ಅದನ್ನು ಅಳಿಸಬೇಕೆಂದು ಹೆಬ್ಬೆರಳು ಗುಂಡಿಯ ಮೇಲಿಟ್ಟಳು. ಆದರೆ ಶಿವಲೀಲಾ ಆಗಲೇ ಹಿಂದೆ ಬಂದು ನಿಂತಿದ್ದಳು.

"ಅದು ಹೋಗೂದ್ರಾಗ ಫೋನ್ ಬಂದ್ ಆತು," ಎಂದಳು ಮೆಲ್ಲಗೆ. "ಬ್ಯಾಟರಿ ಇರಲಿಲ್ಲ. ಮುಂಜಾನಿಂದ ನಾ ಅದರಾಗ ಹಾವಿನ ಆಟ ಆಡಿದ್ದೆ."

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಕಸ್ತೂರಿ ಅದನ್ನು ತಿರುವಿ ಹಾಕಲಿಲ್ಲ, ಮಗಳ ಕೈ ಹಿಡಿದುಕೊಂಡಳು. ಹುಡುಗಿ ನೆಲ ನೋಡುತ್ತಲೇ ಕೇಳಿದಳು:

"ಯವ್ವಾ, ನನ್ನಿಂದ ಅಪ್ಪ ಹೋದನೇನು?"