ಪೇಪರಿನಲ್ಲಿ ಬಂದ ಫೋಟೊ

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದ ಸಾಬಮ್ಮ ಎದೆನೋವೆಂದು ಎರಡು ಸಲ ಹೋದಾಗಲೂ ಆಸ್ಪತ್ರೆಯ ಕೌಂಟರಿನವನು ವಾಪಸು ಕಳಿಸಿದ್ದ. ಕಾರ್ಡು ಬೇಕು, ವಿಮೆ ಬೇಕು, ಇಲ್ಲಿನ ವಿಳಾಸ ಬೇಕು. ತಗಡಿನ ಶೆಡ್ಡಿಗೆ ಎಲ್ಲಿಯ ವಿಳಾಸ?

ಆಮೇಲೆ ಅದೇ ಆಸ್ಪತ್ರೆಯವರು ಶೆಡ್ಡುಗಳ ಮುಂದೆ ಶಾಮಿಯಾನ ಹಾಕಿ ಉಚಿತ ಶಿಬಿರ ನಡೆಸಿದರು. ದೊಡ್ಡ ಡಾಕ್ಟರು ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಳ್ಳದೆಯೇ ಅವಳ ಎದೆಗಿಟ್ಟು, ಕ್ಯಾಮೆರಾದ ಕಡೆ ನಕ್ಕು, ಕಾರು ಹತ್ತಿದರು.

ಮರುದಿನ ಓದಲು ಬಾರದ ಸಾಬಮ್ಮ ಆ ಫೋಟೊ ಬಂದ ಪೇಪರು ಹಿಡಿದು ಕೌಂಟರಿಗೆ ಹೋದಳು.

"ಸಾಹೇಬ್ರ, ಈ ಸಲ ಕಾಗದ ತಂದೀನ್ರಿ. ನೋಡ್ರಿ, ನಿಮ್ ದೊಡ್ಡ ಡಾಕ್ಟರ್ ಬಾಜೂಕ ಇರಾಕಿ ನಾನೇ."

ಅವನು ಫೋಟೊದ ಕೆಳಗಿನ ಸಾಲು ಓದಿ ಪೇಪರನ್ನು ಹಿಂದಕ್ಕೆ ತಳ್ಳಿದ.

"ಪೂರ್ತಿ ಗುಣವಾಗಿದೆ ಅಂತ ಹಾಕಿದಾರಲ್ಲಮ್ಮ, ಮತ್ಯಾಕೆ ಬಂದೆ?"