ಹಾಲಮ್ಮನ ಹತ್ತು ರೂಪಾಯಿ

ಆ ದ್ವೀಪದಲ್ಲಿ ನೋಟಿನ ಬೆಲೆಯೆಂದರೆ ಅದನ್ನು ಮುಟ್ಟಿದ ಕೈಗಳ ಲೆಕ್ಕ. ಮಗಳ ಬಾಣಂತನಕ್ಕೆಂದು ದಾವಣಗೆರೆಯಿಂದ ಬಂದಿಳಿದ ಮಂಡಕ್ಕಿ ಹಾಲಮ್ಮನಿಗೆ ಇದು ಗೊತ್ತಿರಲಿಲ್ಲ. ಪರದೇಶದಲ್ಲಿ ಮರ್ಯಾದೆಯಿರಲೆಂದು ಬ್ಯಾಂಕಿನವರನ್ನು ಕಾಡಿಬೇಡಿ ಗರಿಗರಿ ಹೊಸ ನೋಟುಗಳನ್ನೇ ತಂದಿದ್ದಳು.

ಬಂದರಿನ ಕೌಂಟರಿನ ಹೆಂಗಸು ಕಟ್ಟನ್ನು ದೀಪಕ್ಕೆ ಹಿಡಿದಾಗ ಗೋಡೆಯ ಮೇಲೆ ಎರಡೇ ಕೈ ಮೂಡಿದವು. "ಇದಕ್ಕೆ ಒಂದು ಲೋಟ ನೀರೂ ಬರಲ್ಲಮ್ಮ. ಇದೇ ಹಡಗಿಗೆ ವಾಪಸ್ ಹೋಗಿ."

"ತಡಿಯವ್ವ," ಎಂದು ಹಾಲಮ್ಮ ಎಲೆಯಡಿಕೆ ಚೀಲದಿಂದ ಎಣ್ಣೆ ಹಿಡಿದ ಹತ್ತರ ನೋಟೊಂದನ್ನು ನಾಚುತ್ತ ತೆಗೆದಳು. "ಹರಿದೈತಿ. ನಮ್ಮೂರ ಬಸ್ಸಿನಾಗೂ ತಗಳಲ್ಲ."

ದೀಪದ ಬೆಳಕು ತಾಗಿತು. ಅಂಗೈಗಳು ಗೋಡೆ ತುಂಬಿದವು, ಚಾವಣಿಗೇರಿದವು, ಕಿಟಕಿ ದಾಟಿ ಕಡಲ ಮೇಲೆಲ್ಲ ಹೊಳೆದವು. ಮದರಂಗಿಯವು, ಗ್ರೀಸು ಮೆತ್ತಿದವು, ಬೆರಳಿಲ್ಲದವು. ಬಂದರಿಗೆ ಬಂದರೇ ಬೆರಗಾಗಿ ನಿಂತಿತು.

ಹೆಂಗಸು ಎದ್ದು, ಎರಡೂ ಕೈಯಿಂದ ನೋಟು ಮರಳಿಸಿದಳು.

"ಒಳಗೆ ಬನ್ನಿ ಅಮ್ಮ. ಇದಕ್ಕೆ ಚಿಲ್ಲರೆ ಕೊಡೋಷ್ಟು ದುಡ್ಡು ನಮ್ಮ ದ್ವೀಪದಲ್ಲೇ ಇಲ್ಲ."