ಮಗ್ಗಿನೊಳಗಿನ ಹುರುಳಿಕಾಳು

ಆಸ್ಪತ್ರೆಯಲ್ಲಿ ದಿನವಿಡೀ ನಿಂತು ದುಡಿದು ಬರುವ ಪ್ರಮೀಳಾಗೆ, ಐದು ವರ್ಷದ ಮಗಳ ‘ಈಗ್ಲೇ ಬೇಕು’ ಕೇಳಿ ಕೇಳಿ ಸಾಕಾಗಿತ್ತು. ಹೆಂಚಿನ ಮೇಲಿನ ದೋಸೆ ಬೇಯುವವರೆಗೂ ಕಾಯದ ಹುಡುಗಿ. ತಾಳ್ಮೆ ಕಲಿಯಲಿ ಎಂದು ಒಂದು ಹಳೆಯ ಮಗ್ಗಿಗೆ ಮಣ್ಣು ತುಂಬಿ, ಅವಳ ಕೈಯಿಂದಲೇ ಒಂದು ಹುರುಳಿಕಾಳು ಹಾಕಿಸಿದಳು.

“ಕೆದಕಬಾರದು ಪುಟ್ಟಿ. ಕಾದ್ರೆ ತಾನಾಗೇ ಬರುತ್ತೆ.”

“ಬಂತಾ ಅಮ್ಮ?” ಎಂಬ ರಾಗ ಬೆಳಗ್ಗೆ ಎದ್ದೊಡನೆ, ಊಟದ ನಡುವೆ, ನಿದ್ದೆಗಣ್ಣಿನಲ್ಲೂ. ವಾರ ಕಳೆದರೂ ಮಣ್ಣು ಮಿಸುಕಲಿಲ್ಲ. ಉತ್ತರ ಹೇಳಿ ಹೇಳಿ ಪ್ರಮೀಳಾಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೊಂದು ದಿನ ಮಗಳು ಶಾಲೆಗೆ ಹೋದ ಮೇಲೆ, ಸಾರಿಗೆಂದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿಯಲ್ಲಿ ಚೆನ್ನಾಗಿ ಮೊಳೆತ ಕಾಳೊಂದನ್ನು ಆರಿಸಿ, ಮೊಳಕೆ ಕಾಣುವಂತೆ ಮಗ್ಗಿನ ಮಣ್ಣಿನಲ್ಲಿ ಊರಿದಳು.

ಸಂಜೆ ಮಗಳನ್ನು ಕರೆದು ಮಗ್ಗು ತೋರಿಸಿದಳು. “ನೋಡಿದ್ಯಾ? ತಾಳ್ಮೆಯಿಂದ ಕಾದಿದ್ದಕ್ಕೆ ಬಂತು.”

ಹುಡುಗಿ ಬಗ್ಗಿ ನೋಡಿದಳು. ಕುಣಿಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ತಲೆಯೆತ್ತಿ ಅಮ್ಮನ ಮುಖವನ್ನೇ ದಿಟ್ಟಿಸಿದಳು.

“ನಿನ್ನೇನೇ ನಾನು ಆ ಕಾಳು ತೆಗೆದು ಪಾರಿವಾಳಕ್ಕೆ ಹಾಕ್ಬಿಟ್ಟೆನಲ್ಲಮ್ಮ, ಇದು ಯಾರು ಇಟ್ಟಿದ್ದು?”